ಫೆಬ್ರವರಿಯಲ್ಲಿ ಬಿತ್ತಿದ ಅವರೆ ಯಾಕೆ ಹೂ ಬಿಡಲಿಲ್ಲ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿದೆ. ಮೂರನೇ ಮಹಡಿಯ ತಾರಸಿ, ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು. ಇಪ್ಪತ್ತು ಗ್ರೋ ಬ್ಯಾಗ್ ಇಟ್ಟಿದ್ದೇನೆ. ಫೆಬ್ರವರಿಯಲ್ಲಿ ಅತ್ತೆಯ ಊರು ಚಿಂತಾಮಣಿ ಕಡೆಯಿಂದ ತಂದ ಅವರೆ ಬೀಜ ಹಾಕಿದೆ. ಬಳ್ಳಿ ಗ್ರಿಲ್ ಪೂರ್ತಿ ಹಬ್ಬಿದೆ, ಒಂದೇ ಒಂದು ಹೂವಿಲ್ಲ. ಒಂದು ಹಿಂದಿ ವಿಡಿಯೋ ನೋಡಿ ಅದೇ ತಿಂಗಳು ಟೊಮೆಟೊ ಸಸಿ ನೆಟ್ಟೆ. ಹೂ ಬಂತು, ಎಲ್ಲಾ ಉದುರಿತು, ಈಗ ಎಲೆ ಮುದುಡಿಕೊಂಡಿದೆ. ಏಪ್ರಿಲ್‌ನಲ್ಲಿ ಹಾಕಿದ ಕೊತ್ತಂಬರಿ ನಾಲ್ಕು ಎಲೆ ಬಿಟ್ಟು ನೇರ ಹೂವಿಗೇ ಹೋಯಿತು. ಪಕ್ಕದ ಮನೆಯವರು ಅಮಾವಾಸ್ಯೆ ಹತ್ತಿರ ಬಿತ್ತಿದ್ದಕ್ಕೇ ಹೀಗಾಯ್ತು ಅಂತಾರೆ, ನಮ್ಮವರು ಬೀಜದಂಗಡಿಯವನು ಮೋಸ ಮಾಡಿದ ಅಂತಾರೆ. ಯಾವ ತಿಂಗಳು ಏನು ಹಾಕಬೇಕು ಅಂತ ಒಂದು ಪಟ್ಟಿ ಕೊಡುತ್ತೀರಾ? ಹಳೆ ಮಣ್ಣು ಎಸೆಯಬೇಕಾ? ನನ್ನ ಕೈಗುಣವೇ ಸರಿ ಇಲ್ವೇನೋ ಅನ್ನಿಸಿಬಿಟ್ಟಿದೆ.

ಉತ್ತರ: ಕೈಗುಣದ ಮಾತನ್ನು ಮೊದಲು ಮುಗಿಸಿಬಿಡೋಣ. ಕೈ ಸರಿ ಇಲ್ಲದವರ ಅವರೆ ಗ್ರಿಲ್ ಪೂರ್ತಿ ಹಬ್ಬುವುದಿಲ್ಲ. ಅಂಗಡಿಯವರ ಮೇಲೂ ಸಿಟ್ಟು ಬೇಡ. ಅವರೆ, ಟೊಮೆಟೊ, ಕೊತ್ತಂಬರಿ ಮೂರೂ ತಮ್ಮ ಜಾಯಮಾನಕ್ಕೆ ತಕ್ಕ ಹಾಗೇ ನಡೆದುಕೊಂಡಿವೆ. ನೀವು ಬಿತ್ತಿದ ಹೊತ್ತು ತಪ್ಪಿದೆ, ಅಷ್ಟೆ.

ನಿಮ್ಮ ಪ್ರಶ್ನೆಯಂಥದ್ದು ನನಗೆ ಪ್ರತಿ ವರ್ಷ ಮೇ, ಜೂನ್‌ನಲ್ಲಿ ಬರುತ್ತದೆ. ತರಕಾರಿ ಬೆಳೆಯುವವರ ಜೊತೆಗೇ ನನ್ನ ಉದ್ಯೋಗ, ಜನ ಮುದುಡಿದ ಎಲೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬರುತ್ತಾರೆ, ಯಾವ ಔಷಧಿ ಹೊಡೀಲಿ ಅಂತ ಕೇಳುತ್ತಾರೆ. ಯಾವಾಗ ಬಿತ್ತಿದಿರಿ ಅಂತ ನಾನು ತಿರುಗಿ ಕೇಳಿದರೆ ಅರ್ಧ ಜನರ ಸಮಸ್ಯೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಗಿಡಕ್ಕೆ ಫೆಬ್ರವರಿ, ಮಾರ್ಚ್ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಹಗಲು ಎಷ್ಟು ಉದ್ದ ಇದೆ, ರಾತ್ರಿ ಎಷ್ಟು ತಂಪಾಗುತ್ತದೆ, ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ, ಇಷ್ಟೇ. ಈ ಮೂರೂ ದೆಹಲಿಯಲ್ಲಿ ಒಂಥರಾ, ಬೆಂಗಳೂರಿನಲ್ಲಿ ಇನ್ನೊಂಥರಾ. ಅಲ್ಲಿ ಡಿಸೆಂಬರ್, ಜನವರಿಯ ಕೊರೆಯುವ ಚಳಿಯಿಂದ ಸಸಿಯನ್ನು ಉಳಿಸಿಕೊಂಡು, ಚಳಿ ಮುರಿದ ಮೇಲೆ ನೆಡುತ್ತಾರೆ. ನಮಗೆ ಅಂಥ ಚಳಿಯೇ ಇಲ್ಲ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಊರು ನಮ್ಮದು, ಡಿಸೆಂಬರ್ ರಾತ್ರಿಯಲ್ಲೂ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. ನಾವು ಹೆದರಬೇಕಾದದ್ದು ಮಾರ್ಚ್, ಏಪ್ರಿಲ್ ಬಿಸಿಲಿಗೆ, ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಹಾಗಾಗಿ ಆ ವಿಡಿಯೋದವರು ಹೇಳಿದ್ದು ಅವರೂರಿಗೆ ಸರಿಯೇ ಇರಬಹುದು, ನಿಮ್ಮ ತಾರಸಿಗೆ ಹೊಂದುವುದಿಲ್ಲ.

ಈಗ ಅವರೆ. ಊರಿನ ನಾಡ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ಒಂದೂವರೆ ಗಂಟೆ ವ್ಯತ್ಯಾಸ, ನಮಗೆ ಗೊತ್ತೂ ಆಗುವುದಿಲ್ಲ, ಅವರೆಗೆ ಗೊತ್ತಾಗುತ್ತದೆ. ನೀವು ಫೆಬ್ರವರಿಯಲ್ಲಿ ಬಿತ್ತಿದಿರಿ, ಗಿಡ ಹೂ ಬಿಡುವ ವಯಸ್ಸಿಗೆ ಬರುವಷ್ಟರಲ್ಲಿ ಹಗಲು ಉದ್ದವಾಗುತ್ತಾ ಹೋಯಿತು, ಅದು ಸುಮ್ನೆ ಎಲೆ ಬಿಡುತ್ತಾ ಕೂತಿತು. ನಿಮ್ಮ ಅತ್ತೆಯ ಊರಿನಲ್ಲಿ ರಾಗಿ ಜೊತೆ ಅಕ್ಕಡಿ ಸಾಲಿನಲ್ಲಿ (ರಾಗಿಯ ನಡುನಡುವೆ ಬೇರೆ ಕಾಳಿಗೆ ಬಿಡುವ ಸಾಲು) ಮುಂಗಾರಲ್ಲಿ ಹಾಕಿ, ಚಳಿ ಬಿದ್ದ ಮೇಲೆ ಕಾಯಿ ಕೀಳುತ್ತಾರಲ್ವಾ, ಅದರ ಹಿಂದಿನ ಲೆಕ್ಕ ಇದೇ. ಇದಕ್ಕೆ ಗೊಬ್ಬರ ಸುರಿದರೆ ಇನ್ನಷ್ಟು ಎಲೆ ಬರುತ್ತದೆಯೇ ಹೊರತು ಹೂವಲ್ಲ. ಹೂ ಬರಿಸುವ ಟಾನಿಕ್ ಅಂತ ಮಾರುತ್ತಾರೆ, ಅದಕ್ಕೂ ದುಡ್ಡು ಹಾಕಬೇಡಿ.

ನಿಮ್ಮ ಮುಂದೆ ಈಗ ಮೂರು ದಾರಿ ಇದೆ. ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಮೇಲೆ ಒಂದೆರಡು ಬೊಗಸೆ ಕಾಂಪೋಸ್ಟ್ ಹಾಕಿ ಉಳಿಸಿಕೊಳ್ಳಬಹುದು, ಹಗಲು ಗಿಡ್ಡವಾದ ಮೇಲೆ ಹೂ ಬಿಡುತ್ತದೆ. ತೊಂದರೆ ಏನು ಅಂದರೆ ಅಲ್ಲಿವರೆಗೂ ಬ್ಯಾಗು ಅದಕ್ಕೇ ಮೀಸಲು, ಚಿಗುರಿಗೆಲ್ಲಾ ಕಪ್ಪು ಹೇನು ಮೆತ್ತಿಕೊಳ್ಳುತ್ತದೆ, ಹಳೇ ಬೇರು ಹೊಸ ಗಿಡದಷ್ಟು ಚುರುಕಾಗಿರುವುದಿಲ್ಲ. ಎರಡನೆಯದು, ಕಿತ್ತು ಹಾಕಿ, ಉಳಿದ ಬೀಜವನ್ನು ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಹೊಸದಾಗಿ ಬಿತ್ತುವುದು. ನಾನಾದರೆ ಇದನ್ನೇ ಮಾಡುತ್ತೇನೆ. ಮೂರನೆಯದು, ಹಗಲಿನ ಲೆಕ್ಕ ಇಡದ ತಳಿ ಹಾಕುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಇವೆಲ್ಲ ಅಂಥವು. ಗಿಡ್ಡ ಗಿಡ, ಬ್ಯಾಗಿಗೆ ಅನುಕೂಲ, ಯಾವ ತಿಂಗಳು ಹಾಕಿದರೂ ಕಾಯಿ ಬಿಡುತ್ತದೆ. ಆದರೆ ಚಳಿಗಾಲದ ನಾಡ ಅವರೆಯ ಸೊಗಡು ಇದರಲ್ಲಿ ಹುಡುಕಬೇಡಿ. ಇದು ನನ್ನ ನಾಲಿಗೆಯ ತೀರ್ಪು, ಜಗಳಕ್ಕೆ ಬರಬೇಡಿ. ಇನ್ನೊಂದು ವಿಷಯ: ಬಳ್ಳಿ ಇರುವ ಗ್ರಿಲ್‌ಗೆ ಬೀದಿ ದೀಪ ರಾತ್ರಿಯಿಡೀ ಬೀಳುತ್ತಿದ್ದರೆ ನಾಡ ಅವರೆಗೆ ಹಗಲು ಇನ್ನೂ ಮುಗಿದಿಲ್ಲ ಅನ್ನಿಸಿ ಹೂ ತಡವಾಗಬಹುದು. ಬ್ಯಾಗನ್ನು ನೆರಳಿನ ಮೂಲೆಗಲ್ಲ, ರಾತ್ರಿ ಕತ್ತಲಿರುವ ಮೂಲೆಗೆ ಇಡಿ. ಅಮೆರಿಕದಲ್ಲಿರುವ ನಮ್ಮವರ ಗೋಳೂ ಇದೇ. ನ್ಯೂಜೆರ್ಸಿಯಂಥ ಕಡೆ ಜೂನ್ ಹಗಲು 15 ಗಂಟೆ, ಬಳ್ಳಿ ಬೇಲಿ ದಾಟುತ್ತದೆ, ಹೂ ಬರುವ ಹೊತ್ತಿಗೆ ಹಿಮ ಬೀಳುತ್ತದೆ.

ಕೊತ್ತಂಬರಿ ಕಥೆ ಸರಳ. ಬಿಸಿಲು ಜಾಸ್ತಿ ಆದರೆ, ಹಗಲು ಉದ್ದವಾದರೆ ಅದಕ್ಕೆ ಬೀಜ ಮಾಡುವ ಅವಸರ. ಏಪ್ರಿಲ್ ತಾರಸಿಯಲ್ಲಿ ಸಂತೆಯಲ್ಲಿ ಸಿಗುವಂಥ ಕಟ್ಟು ಬರುವುದಿಲ್ಲ. ಬೆಂಗಳೂರಿನಲ್ಲಿ ಮಳೆಯ ಬಿರುಸು ಇಲ್ಲದ ದಿನ ನೋಡಿಕೊಂಡು ಜುಲೈನಿಂದ ಹಾಕಬಹುದು, ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಅದರ ಒಳ್ಳೆ ಕಾಲ. ಬೀಜವನ್ನು ಒರಳಿನಲ್ಲೋ ಲಟ್ಟಣಿಗೆಯಲ್ಲೋ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ನೇರ ಬ್ಯಾಗಿಗೇ ಬಿತ್ತಿ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತದೆ, ಅದಕ್ಕೇ ಒಡೆಯುವುದು. ಮೊಳಕೆಗೆ ಎಂಟು ಹತ್ತು ದಿನ ಕಾಯಬೇಕು. ಸಸಿ ಕಿತ್ತು ನೆಡಬೇಡಿ, ಬೇರು ಅಲುಗಿದರೆ ಮತ್ತೆ ಹೂವಿಗೆ ಓಡುತ್ತದೆ. ಬೇಸಿಗೆಯಲ್ಲೂ ಬೇಕೇ ಬೇಕು ಅಂದರೆ 50 ಪರ್ಸೆಂಟ್ ನೆರಳು ಬಲೆಯ ಕೆಳಗೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಟ್ರೇ ಹಾಕಿ, ಬೆರಳುದ್ದ ಬಂದ ಕೂಡಲೇ ಕತ್ತರಿಸಿಕೊಳ್ಳಿ. ಹೂವಿಗೆ ಹೋದ ಗಿಡವನ್ನು ಕೀಳಬೇಡಿ. ಹೇನು ತಿನ್ನುವ ಗುಲಗಂಜಿ ಹುಳ ಆ ಹೂವಿಗೆ ಬರುತ್ತದೆ. ಹಸಿ ಕಾಳನ್ನು ಸಾರಿಗೆ ಹಾಕಿ ನೋಡಿ, ಎಲೆಗಿಂತ ಘಮ.

ಟೊಮೆಟೊ ವಿಷಯದಲ್ಲಿ ನಿಮಗೆ ಎರಡು ಬೇರೆ ಬೇರೆ ತೊಂದರೆ ಆಗಿವೆ, ಜನ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಹೂ ಉದುರಿದ್ದು ಶಾಖಕ್ಕೆ. ಹಗಲು 32, 33 ಡಿಗ್ರಿ ದಾಟುತ್ತಾ ಹೋದಂತೆ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲು 34ರ ಆಸುಪಾಸು, ನಿಮ್ಮ ಕಾಂಕ್ರೀಟ್ ತಾರಸಿ ಅದಕ್ಕಿಂತ ಜಾಸ್ತಿ, ಮೇಲಾಗಿ ಹಗಲಿನ ಕಾವನ್ನು ಅದು ರಾತ್ರಿ ಬಿಡುತ್ತಾ ಇರುತ್ತದೆ. ಕಪ್ಪು ಬ್ಯಾಗಾದರೆ ಬೇರೂ ಬೇಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಬ್ಯಾಗಿನ ಪಕ್ಕಕ್ಕೆ ಅಂಗೈ ಇಟ್ಟು ನೋಡಿ, ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಲು ಆಗದಿದ್ದರೆ ಬೇರಿಗೂ ಅಷ್ಟೇ ಕಷ್ಟ.

ಎಲೆ ಮುದುಡುವುದು ಮಾತ್ರ ನೋಡಿ ತೀರ್ಮಾನ ಮಾಡಬೇಕು. ಕೆಳಗಿನ ಹಳೆ ಎಲೆ ಉದ್ದಕ್ಕೆ ಸುರುಳಿ ಸುತ್ತಿದೆ, ಹಸಿರಾಗೇ ಇದೆ, ಸಂಜೆಗೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ ಅಂದರೆ ಅದು ಬಿಸಿಲಿಗೆ, ಚಿಂತೆ ಬೇಡ. ತುದಿಯ ಎಳೆ ಎಲೆಗಳೇ ಸಣ್ಣದಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ಬಟ್ಟಲಿನ ಹಾಗೆ ಮಡಚಿ, ಗಿಡ ಕುಳ್ಳಗೆ ಪೊದೆಯಾಗಿದ್ದರೆ ಅದು ಎಲೆ ಮುಟುರು ರೋಗ, ವೈರಸ್. ಬೆಳಗ್ಗೆ ಬೇಗ ಹೋಗಿ ಗಿಡವನ್ನು ಮೆಲ್ಲಗೆ ಅಲುಗಿಸಿ. ಹಿಟ್ಟಿನ ಕಣದ ಹಾಗೆ ಬಿಳಿ ನೊಣ ಎದ್ದರೆ ತಂದಿಟ್ಟವರು ಯಾರು ಅಂತ ಗೊತ್ತಾಯಿತು. ಬೇಸಿಗೆಯಲ್ಲಿ ಇವುಗಳ ಕಾಟ ಜಾಸ್ತಿ. ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಇಲ್ಲ. ಹುಳಿ ಮಜ್ಜಿಗೆ, ಬೂದಿ, ಅರಿಶಿನ, ಎಪ್ಸಮ್ ಸಾಲ್ಟ್ ಯಾವುದೂ ವೈರಸ್ಸನ್ನು ಹೊರಗೆ ಹಾಕುವುದಿಲ್ಲ. ಬೇವಿನ ಎಣ್ಣೆ (ಲೀಟರಿಗೆ 3ರಿಂದ 5 ಮಿಲಿ, ಸ್ವಲ್ಪ ಸೋಪಿನ ನೀರು ಸೇರಿಸಿ, ಸಂಜೆ ಹೊತ್ತು ಎಲೆಯಡಿಗೆ) ನೊಣ ಕಡಿಮೆ ಮಾಡುತ್ತದೆ, ಆಗಿರುವ ರೋಗ ವಾಸಿ ಮಾಡುವುದಿಲ್ಲ. ಕಿತ್ತುಬಿಡಿ. ನಾಲ್ಕು ಕಾಯಿ ಇದೆ ಅಂತ ಇಟ್ಟುಕೊಂಡರೆ ಮುಂದಿನ ಸಸಿಗಳಿಗೂ ಅಲ್ಲಿಂದಲೇ ಹೋಗುತ್ತದೆ.

ಮೆಣಸಿನಗಿಡ ಇದೆಯಾ? ಅದರ ಮುಟುರಿಗೆ ಬೇರೆ ಲೆಕ್ಕ. ಎಲೆ ಮೇಲಕ್ಕೆ ಮಡಚಿದರೆ ಹೆಚ್ಚಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ, ಕೆಳಕ್ಕೆ ಕವುಚಿ ತೊಟ್ಟು ಉದ್ದವಾದರೆ ಮೈಟ್ ನುಸಿ. ಎರಡಕ್ಕೂ ಮೊದಲು ಎಲೆಯಡಿಗೆ ಜೋರಾಗಿ ನೀರು ಹೊಡೆಯಿರಿ, ಆಮೇಲೆ ಬೇವಿನ ಎಣ್ಣೆ.

ಟೊಮೆಟೊ ಮತ್ತೆ ಹಾಕುವುದಾದರೆ ಆಗಸ್ಟ್ ಕೊನೆಯಲ್ಲಿ ಟ್ರೇಗೆ ಬೀಜ ಹಾಕಿ. ಸಸಿ ಇರುವ 25 ದಿನವೂ ಸಣ್ಣ ಕಣ್ಣಿನ ನೈಲಾನ್ ಬಲೆಯೊಳಗೆ ಇರಲಿ, ಹಳೇ ಸೊಳ್ಳೆ ಪರದೆ ಇದ್ದರೆ ಮಡಚಿ ಎರಡು ಪದರ ಮಾಡಿ ಹೊದಿಸಿ, ಬರೀ ಒಂದು ಪದರದಲ್ಲಿ ಬಿಳಿ ನೊಣ ನುಗ್ಗುತ್ತದೆ. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ತಳಿಗಳು ಎಲೆ ಮುಟುರು, ಸೊರಗು ರೋಗ, ಅಂಗಮಾರಿ (ಎಲೆಗೆ ಕಂದು ಮಚ್ಚೆ ಬಿದ್ದು ಒಣಗುವ ರೋಗ) ಮೂರನ್ನೂ ಸಾಕಷ್ಟು ತಡೆಯುತ್ತವೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗುಣ ಬರುತ್ತದೆ ಅಂತ ನಂಬಬೇಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಒಂದು ರಿಸ್ಕ್ ಇದ್ದೇ ಇದೆ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಅಂಗಮಾರಿ ಬರುತ್ತದೆ, ಅದಕ್ಕೆ ಕೆಳಗಿನ ಒಂದಡಿ ಎಲೆ ತೆಗೆದುಬಿಡಿ, ಗಿಡದಿಂದ ಗಿಡಕ್ಕೆ ಗಾಳಿ ಆಡಲಿ, ಸಂಜೆ ಮೇಲಿಂದ ನೀರು ಹಾಕಬೇಡಿ. ಇಷ್ಟು ದಾಟಿಸಿದರೆ ನವೆಂಬರ್ ಕೊನೆಯಿಂದ ಹಣ್ಣು.

ಅಮಾವಾಸ್ಯೆ ವಿಷಯಕ್ಕೆ ಬರುತ್ತೇನೆ. ಚಂದ್ರನ ತಿಥಿ ನೋಡಿ ಬಿತ್ತಿದರೆ ಇಳುವರಿ ಹೆಚ್ಚು ಅನ್ನುವುದಕ್ಕೆ ಗಟ್ಟಿ ಆಧಾರ ನಾನು ಕಂಡಿಲ್ಲ. ನೋಡುವವರು ನೋಡಲಿ, ನಷ್ಟವೇನಿಲ್ಲ, ಆದರೆ ಅದಕ್ಕಾಗಿ ಒಳ್ಳೆ ಹದದ ಮಳೆಯ ವಾರ ಕಳೆದುಕೊಳ್ಳಬೇಡಿ. ಮಳೆ ನಕ್ಷತ್ರ ಬೇರೆ ಮಾತು. ಅದನ್ನೂ ಮೂಢನಂಬಿಕೆ ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ, ಅದು ತಪ್ಪು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಇಪ್ಪತ್ತೇಳು ಸೇರಿದರೆ ಒಂದು ವರ್ಷ. ಅಂದರೆ ರೋಹಿಣಿ ಮಳೆ ಪ್ರತಿ ವರ್ಷ ಮೇ ಕೊನೆಯ ವಾರಕ್ಕೇ, ಆರಿದ್ರೆ ಜೂನ್ ಕೊನೆಗೇ ಬರುತ್ತದೆ. ಅದು ಸೂರ್ಯನ ಲೆಕ್ಕ, ಹಾಗಾಗಿ ಋತುವಿನ ಲೆಕ್ಕವೂ ಹೌದು. ‘ಆದ್ರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’ ಅಂದವರು ಹೊಲ ನೋಡಿಕೊಂಡೇ ಅಂದಿದ್ದಾರೆ. ತಾರಸಿಯಲ್ಲಿ ನಲ್ಲಿ ಇರುವ ನಿಮಗೆ ಮಳೆ ಬಂದರೂ ಬರದಿದ್ದರೂ ನಡೆಯುತ್ತದೆ, ಆದರೂ ಆ ದಿನಗಳ ತಂಪು, ತೇವ ನಿಮ್ಮ ಗಿಡಕ್ಕೂ ಗೊತ್ತಾಗುತ್ತದೆ.

ಪಟ್ಟಿ ಕೇಳಿದಿರಿ. ತಿಂಗಳಿಗೊಂದು ಪಟ್ಟಿ ಕೊಟ್ಟರೆ ಮತ್ತೆ ಅದೇ ವಿಡಿಯೋ ಕಥೆ ಆಗುತ್ತದೆ, ಅದಕ್ಕೆ ಈ ಜೂನ್‌ನಿಂದ ನಿಮ್ಮ ತಾರಸಿ ಹೇಗೆ ನಡೆಯಬಹುದು ಅಂತ ಹೇಳುತ್ತೇನೆ.

ಈಗ ಬೆಂಡೆ, ಬದನೆ, ಮೆಣಸಿನಕಾಯಿ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ ಹಾಕಿ. ಬೆಂಡೆಗೆ ನರ ಹಳದಿ ರೋಗ ತಡೆಯುವ ಅರ್ಕಾ ಅನಾಮಿಕದಂಥ ತಳಿ ಸಿಕ್ಕರೆ ಒಳ್ಳೆಯದು. ಎರಡು ದೊಡ್ಡ ಬ್ಯಾಗಿನಲ್ಲಿ ಶುಂಠಿ, ಅರಿಶಿನ ಇಡಿ, ಜಾಸ್ತಿ ತಡ ಮಾಡಬೇಡಿ, ಜನವರಿವರೆಗೆ ಆ ಬ್ಯಾಗನ್ನು ಮರೆಯಿರಿ. ಹೀರೆ ಬಗ್ಗೆ ಒಂದು ಮಾತು. ಹೂ ಬರುತ್ತದೆ, ಹೀಚು ಹಳದಿಯಾಗಿ ಉದುರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಬರುವುದೆಲ್ಲಾ ಗಂಡು ಹೂವೇ, ಅದು ಉದುರುವುದು ಸಹಜ. ಹೆಣ್ಣು ಹೂವಿನ ಹಿಂದೆ ಕಡ್ಡಿಯಷ್ಟು ಸಣ್ಣ ಹೀರೆಕಾಯಿ ಇರುತ್ತದೆ, ಅದು ಉದುರಿದರೆ ಪರಾಗ ಸಿಕ್ಕಿಲ್ಲ ಅಂತ. ಮೂರನೇ ಮಹಡಿಗೆ ಹುಳು ಕಡಿಮೆ ಬರುತ್ತವೆ, ನೀವೇ ಮುಟ್ಟಿಸಬೇಕು. ಹೀರೆ, ಸೋರೆ ಎರಡರ ಹೂವೂ ಸಂಜೆ ಅರಳುತ್ತವೆ. ಬೆಳಗ್ಗೆ ಹತ್ತಕ್ಕೆ ಹೋಗಿ ಬಾಡಿದ ಹೂವಿಗೆ ಬ್ರಷ್ ಆಡಿಸಿದರೆ ಪ್ರಯೋಜನ ಇಲ್ಲ. ಸಂಜೆ ಆರು ಗಂಟೆ ಹೊತ್ತಿಗೆ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಒತ್ತಿ. ಹಾಗಲ, ಸೌತೆಗೆ ಬೆಳಗ್ಗೆ.

ಜುಲೈ ಕೊನೆ, ಆಗಸ್ಟ್‌ಗೆ ಅವರೆ. ಸೆಪ್ಟೆಂಬರ್‌ನಲ್ಲಿ ಕೋಸು ಜಾತಿಯ ಸಸಿ ಮಾಡಿ, ಮಳೆ ಇಳಿಯುತ್ತಿದ್ದಂತೆ ಅಕ್ಟೋಬರ್ ನಡುವಿಗೆ ನೆಡಿ. ಹೂಕೋಸು ನಿಮ್ಮಿಷ್ಟ, ಆದರೆ ಒಂದು ಬ್ಯಾಗಿಗೆ ಒಂದೇ ಹೂ, ಅದೂ ಸಸಿ ವಯಸ್ಸಾಗಿದ್ದರೆ ಗುಂಡಿಯಷ್ಟೇ ಬಂದು ನಿಂತುಬಿಡುತ್ತದೆ. ಅದರ ಬದಲು ನವಿಲುಕೋಸು ಹಾಕಿ, ಎರಡು ತಿಂಗಳೊಳಗೆ ಗಡ್ಡೆ, ಎಲೆಯೂ ಪಲ್ಯಕ್ಕೆ. ಅಕ್ಟೋಬರ್, ನವೆಂಬರ್ ಬೀನ್ಸ್, ಬಟಾಣಿ, ಕ್ಯಾರೆಟ್, ಬೀಟ್‌ರೂಟ್, ಪಾಲಕ್, ಮೆಂತ್ಯ, ಸಬ್ಬಸಿಗೆಗೆ ಹೇಳಿ ಮಾಡಿಸಿದ ಕಾಲ. ಕ್ಯಾರೆಟ್‌ಗೆ ಬಣ್ಣ ಹಿಡಿಯುವುದು ತಂಪಿನಲ್ಲೇ. ಡಿಸೆಂಬರ್ ಮಂಜಿನಲ್ಲಿ ಬಟಾಣಿ, ಬೆಂಡೆ ಎಲೆಗೆ ಬಿಳಿ ಬೂದಿ ರೋಗ ಕಾಣಿಸುತ್ತದೆ, ಶುರುವಿನಲ್ಲೇ ಆ ಎಲೆ ಕಿತ್ತರೆ ಹರಡುವುದು ನಿಧಾನವಾಗುತ್ತದೆ.

ಜನವರಿ ಕೊನೆಯಿಂದ ಫೆಬ್ರವರಿಗೆ ಬಳ್ಳಿಗಳ ಎರಡನೇ ಸರದಿ: ಸೌತೆ, ಹೀರೆ, ಸೋರೆ, ಹಾಗಲ, ಜೊತೆಗೆ ಬೆಂಡೆ. ಇವುಗಳಿಗೆ ಕಾವು ಬೇಕು. ಮಾರ್ಚ್‌ನಿಂದ ಮೇವರೆಗೆ ಹಟ ಬೇಡ. ದಂಟು, ಹರಿವೆ, ಬಸಳೆ, ಪುಂಡಿ, ದೊಡ್ಡಪತ್ರೆ ಸಾಕು. ದಂಟು ಒಂದು ತಿಂಗಳಿಗೆ ಕೈಗೆ ಬರುತ್ತದೆ. ಅರ್ಧ ಬ್ಯಾಗು ಖಾಲಿ ಬಿಟ್ಟರೂ ನಷ್ಟ ಇಲ್ಲ, ಉಳಿದಿದ್ದನ್ನು ಇಟ್ಟಿಗೆ ಮೇಲೆತ್ತಿ ಒತ್ತೊತ್ತಾಗಿ ಇಟ್ಟು, ಮೇಲೆ ಒಣ ಎಲೆ ಹೊದಿಸಿ.

ಇದು ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಸೀಮೆಗೆ ಆಗುತ್ತದೆ. ಕರಾವಳಿಯವರು ಇದನ್ನು ಹಿಡಿಯಬೇಡಿ. ಅಲ್ಲಿ ಪತ್ತನಾಜೆ ಹೊತ್ತಿಗೆ, ಮೇ ಕೊನೆಗೆ, ಜಡಿಮಳೆ ಹಿಡಿಯುವ ಮೊದಲೇ ಮುಳ್ಳುಸೌತೆ, ಹೀರೆ, ಪಡುವಲ, ಬೆಂಡೆ ಚಿಗುರಿರಬೇಕು. ಸೊಪ್ಪು, ಟೊಮೆಟೊ ಎಲ್ಲಾ ಮಳೆ ಬಿಟ್ಟ ಮೇಲೆ. ಕಲಬುರಗಿ, ರಾಯಚೂರು ಕಡೆ ಬೇಸಿಗೆ 40 ದಾಟುತ್ತದೆ, ಅಲ್ಲಿ ಫೆಬ್ರವರಿ ಬಿತ್ತನೆಯನ್ನು ಜನವರಿಗೆ ತಂದುಕೊಳ್ಳಿ, ಏಪ್ರಿಲ್, ಮೇನಲ್ಲಿ ನೆರಳು ಬಲೆ ಇಲ್ಲದೆ ಏನೂ ಹಾಕಬೇಡಿ.

ಕೊನೆಗೆ ಮಣ್ಣು. ಎಸೆಯಬೇಡಿ. ಬ್ಯಾಗು ಬಗ್ಗಿಸಿ, ಬೇರು ಆರಿಸಿ, ಒಂದು ವಾರ ಬಿಸಿಲಿಗೆ ಹರಡಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ತುಂಬುವ ಮೊದಲು ಬ್ಯಾಗಿನ ತಳದ ತೂತು ಕಟ್ಟಿಕೊಂಡಿದೆಯಾ ನೋಡಿ, ಸೆಪ್ಟೆಂಬರ್ ಮಳೆಯಲ್ಲಿ ಗಿಡ ಸಾಯುವುದು ಹೆಚ್ಚಾಗಿ ಇದರಿಂದಲೇ. ಎಲೆ ಮುಟುರು ವೈರಸ್ ಮಣ್ಣಿನಲ್ಲಿ ಉಳಿಯುವುದಿಲ್ಲ, ಅದಕ್ಕೆ ಹೆದರಬೇಡಿ. ಹೆದರಬೇಕಾದದ್ದು ಸೊರಗು ರೋಗಕ್ಕೆ. ಹಸಿರಾಗಿದ್ದ ಗಿಡ ಒಂದೆರಡು ದಿನದಲ್ಲಿ ಪೂರ್ತಿ ಬಾಡಿ, ನೀರು ಹಾಕಿದರೂ ಏಳದಿದ್ದರೆ ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನೇತುಹಾಕಿ. ಐದು ಹತ್ತು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಆ ಮಣ್ಣಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿ ಹಾಕಬೇಡಿ, ಬೇರೆ ಬ್ಯಾಗಿಗೂ ಬೆರೆಸಬೇಡಿ. ಮುಸುಕಿನ ಜೋಳವೋ ಸೊಪ್ಪೋ ಹಾಕಿಕೊಳ್ಳಿ. ನೀರು ತಿಳಿಯಾಗೇ ಇದ್ದರೆ ಬೇರು ಕೊಳೆತಿರಬಹುದು, ಬಗ್ಗಿಸಿ ಮೂಸಿ ನೋಡಿ.